ಖುಷ್ಕಿ ನೆಲದ ನೀರು: ನೆಡುತೋಪು, ನದಿ ಮತ್ತು ಕಾನೂನು

ಮರವೊಂದಕ್ಕೆ ಬೆಟ್ಟದ ಹೆಸರು ನಿಂತುಬಿಟ್ಟ ನಿದರ್ಶನ ಕನ್ನಡದಲ್ಲಿ ವಿರಳ. ಆಸ್ಟ್ರೇಲಿಯ ಖಂಡದಿಂದ ಬಂದ ಯೂಕಲಿಪ್ಟಸ್ ಮರವನ್ನು ನಾವು ಅದರ ಶಾಸ್ತ್ರೀಯ ನಾಮದಿಂದಾಗಲಿ ತವರಿನ ಹೆಸರಿನಿಂದಾಗಲಿ ಕರೆಯದೆ 'ನೀಲಗಿರಿ' ಎಂದೇ ಕರೆಯುತ್ತ ಬಂದಿದ್ದೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉದಕಮಂಡಲದ ಸುತ್ತಣ ಹುಲ್ಲುಗಾವಲುಗಳಲ್ಲಿ ಸೌದೆಯ ಕೊರತೆಯನ್ನು ನೀಗಲೆಂದು ನೆಟ್ಟ ಈ ಮರ ಬೆಟ್ಟದ ಹೆಸರನ್ನು ಹೊತ್ತುಕೊಂಡು ಬಯಲುಸೀಮೆಗೆ ಇಳಿಯಿತು. ಮುಂದೆ ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರ ಪ್ರದೇಶಗಳ ಹೊಲಗಳನ್ನೂ, ಮಲೆನಾಡಿನ ಅಂಚಿನ ಗೋಮಾಳಗಳನ್ನೂ ತುಂಬಿತು. ಹೆಸರಿನಷ್ಟೇ ಸಲೀಸಾಗಿ ಮರವೂ ನಮ್ಮದಾಯಿತು. ಆದರೆ ಅದು ಕುಡಿಯುವ ನೀರಿನ ಲೆಕ್ಕವನ್ನು ಬರೆದಿಡುವ ಪುಸ್ತಕ ಮಾತ್ರ ನಮ್ಮಲ್ಲಿ ಇನ್ನೂ ಸಿದ್ಧವಾಗಿಲ್ಲ.

ಕಾಗದ, ನಾರು, ಸೌದೆ, ಮರಮಟ್ಟುಗಳಿಗಾಗಿ ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟು, ನಿಗದಿತ ವರ್ಷಗಳಲ್ಲಿ ಕಡಿದು, ಮತ್ತೆ ಬೆಳೆಸುವ ಕ್ರಮವನ್ನು ಅರಣ್ಯಶಾಸ್ತ್ರದಲ್ಲಿ ನೆಡುತೋಪು ಎನ್ನುತ್ತಾರೆ. ಇದು ಕಾಡಿನಂತೆ ಕಂಡರೂ ವ್ಯವಹಾರದಲ್ಲಿ ಬೇಸಾಯವೇ. ಈ ಬೇಸಾಯವನ್ನು ಸಿಹಿನೀರಿನ ಹಾಗೂ ಭೂಬಳಕೆಯ ಕಾನೂನುಗಳು ಹೇಗೆ ತಿದ್ದಿವೆ, ಎಲ್ಲಿ ತಿದ್ದಲಾರದೆ ಹೋಗಿವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮುಖ್ಯ ನಿದರ್ಶನಗಳು ಎರಡು: ಈ ವಿಷಯದಲ್ಲಿ ಸ್ಪಷ್ಟವಾದ ಕಾನೂನನ್ನು ರೂಪಿಸಿದ ದಕ್ಷಿಣ ಆಫ್ರಿಕಾ, ಮತ್ತು ಕಾನೂನಿಗಿಂತ ಮೊದಲು ಜನರೇ ಪ್ರಶ್ನೆಯನ್ನೆತ್ತಿದ ಕರ್ನಾಟಕ. ನಡುವೆ ನ್ಯೂಜಿಲೆಂಡಿನ ಅನುಭವವನ್ನು ಸಂಕ್ಷೇಪವಾಗಿ ಪ್ರಸ್ತಾಪಿಸಲಾಗಿದೆ.

1. ಪದಗಳು ಹೇಳುವ ಕಥೆ

ನಮ್ಮ ಕಂದಾಯ ಪರಿಭಾಷೆಯಲ್ಲಿ ಜಮೀನು ಮೂರು ಬಗೆ: ಖುಷ್ಕಿ, ತರಿ, ಬಾಗಾಯ್ತು. ಮೂರೂ ಪಾರಸಿ ಮೂಲದ ಪದಗಳು. ಮಳೆಯನ್ನೇ ನಂಬಿದ ಒಣ ನೆಲ ಖುಷ್ಕಿ. ಕೆರೆ ಕಾಲುವೆಗಳ ನೀರುಣ್ಣುವ ನೆಲ ತರಿ. ತೋಟದ ನೆಲ ಬಾಗಾಯ್ತು. ಭೂಮಿಯನ್ನು ನೀರಿನಿಂದಲೇ ಗುರುತಿಸುವ ಈ ವಿಂಗಡಣೆ ಸಾಮಾನ್ಯವಾದುದಲ್ಲ. ಕಂದಾಯದ ದರ, ಜಮೀನಿನ ಬೆಲೆ, ಭೂಮಿತಿಯ ಲೆಕ್ಕ ಎಲ್ಲವೂ ನೆಲಕ್ಕೆ ದೊರೆಯುವ ನೀರನ್ನು ಅವಲಂಬಿಸಿ ಬಂದಿವೆ.

ಇದಕ್ಕೂ ಹಿಂದಿನ ಶಾಸನಗಳ ಕಾಲಕ್ಕೆ ಹೋದರೆ ನೆಲ ಮತ್ತು ನೀರಿನ ನಂಟು ಇನ್ನೂ ಬಿಗಿಯಾಗಿ ಕಾಣುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಮುಂತಾದ ಪದಗಳು ಶಾಸನಾಭ್ಯಾಸಿಗಳಿಗೆ ಪರಿಚಿತ. ಕೆರೆಯನ್ನು ಕಟ್ಟಿಸಿದವನಿಗೆ, ಕಾಪಾಡುವವನಿಗೆ ಅದರ ಕೆಳಗಣ ಭೂಮಿಯಲ್ಲಿ ಪಾಲು ಕೊಡುವ ಏರ್ಪಾಡು ಅದು. ನೀರು ಬಿಡುವ ಹೊಣೆ ಹೊತ್ತ ನೀರುಗಂಟಿ, ನೀರು ಹರಿಯುವ ಅಚ್ಚುಕಟ್ಟು, ಊರ ಮುಂದಿನ ಗುಂಡುತೋಪು ಇವೆಲ್ಲ ಒಂದೇ ವ್ಯವಸ್ಥೆಯ ಅಂಗಗಳು. ಆದರೆ ಈ ಪರಿಭಾಷೆಯ ಬಹುಪಾಲು ಕೆರೆಯ ಏರಿಯಿಂದ ಕೆಳಗಣ ನೆಲಕ್ಕೆ ಸಂಬಂಧಿಸಿದುದೆಂಬುದನ್ನು ಗಮನಿಸಬೇಕು. ಏರಿಯ ಮೇಲ್ಭಾಗದಲ್ಲಿ, ನೀರು ಬಂದು ಕೂಡುವ ಜಲಾನಯನದಲ್ಲಿ, ಯಾರು ಏನು ಬೆಳೆದರು ಎಂಬುದು ಆಗ ಪ್ರಶ್ನೆಯೇ ಆಗಿರಲಿಲ್ಲ. ಅಲ್ಲಿದ್ದುದು ಹುಲ್ಲು, ಕುರುಚಲು, ರಾಗಿ, ಜೋಳ. ಅವು ಕುಡಿದು ಬಿಟ್ಟ ನೀರು ಕೆರೆಗೆ ಸಾಲುತ್ತಿತ್ತು.

ಖುಷ್ಕಿ ನೆಲವು ತನ್ನ ಮೇಲೆ ಬಿದ್ದ ಮಳೆಯ ಒಂದಂಶವನ್ನು ಕೆಳಗಿನವರಿಗೆ ಬಿಟ್ಟುಕೊಡುತ್ತದೆ ಎಂಬುದು ಹೀಗೆ ಯಾರೂ ಬರೆದಿಡದ ಒಪ್ಪಂದವಾಗಿತ್ತು. ನೆಡುತೋಪು ಆ ಒಪ್ಪಂದವನ್ನು ಮುರಿಯಿತು. ಪಹಣಿಯಲ್ಲಿ ಮಾತ್ರ ಆ ನೆಲ ಖುಷ್ಕಿಯಾಗಿಯೇ ಉಳಿಯಿತು.

2. ಮರ ಕುಡಿಯುವ ನೀರು

ಮಳೆಯ ನೀರಿಗೆ ಸ್ಥೂಲವಾಗಿ ನಾಲ್ಕು ದಾರಿಗಳಿವೆ. ಕೆಲವಂಶ ಎಲೆಗಳ ಮೇಲೆಯೇ ನಿಂತು ಆವಿಯಾಗುತ್ತದೆ. ಕೆಲವಂಶ ಬೇರಿನ ಮೂಲಕ ಏರಿ ಎಲೆಗಳಿಂದ ಹೊರಬೀಳುತ್ತದೆ. ಕೆಲವಂಶ ನೆಲದ ಮೇಲೆ ಹರಿದು ಹಳ್ಳ ಸೇರುತ್ತದೆ. ಉಳಿದುದು ಮಣ್ಣಿನ ಆಳಕ್ಕಿಳಿದು ಅಂತರ್ಜಲವಾಗುತ್ತದೆ ಅಥವಾ ಬೇಸಗೆಯಲ್ಲಿ ಒರತೆಯಾಗಿ ತೊರೆಗೆ ಬರುತ್ತದೆ. ಹುಲ್ಲು ಮತ್ತು ವಾರ್ಷಿಕ ಬೆಳೆಗಳ ಬೇರು ಆಳವಿಲ್ಲ. ಒಣಗಾಲದಲ್ಲಿ ಅವು ಬಾಡುತ್ತವೆ ಇಲ್ಲವೇ ಕಟಾವಾಗಿರುತ್ತವೆ. ನಿತ್ಯಹಸುರಾದ, ಬೇಗನೆ ಬೆಳೆಯುವ ಮರ ವರ್ಷವಿಡೀ ನೀರೆಳೆಯುತ್ತದೆ. ಆದುದರಿಂದ ಹುಲ್ಲುಗಾವಲಿನಲ್ಲಿ ಅಥವಾ ಹೊಲದಲ್ಲಿ ನೆಡುತೋಪು ಬಂದಾಗ ಮೊದಲು ಕಡಿಮೆಯಾಗುವುದು ಬೇಸಗೆಯ ಒರತೆ. ಜನಕ್ಕೆ ಬೇಕಾದುದೂ ಅದೇ ನೀರು.

ಕರ್ನಾಟಕದಲ್ಲಿ ಈ ವಿಷಯವಾಗಿ ನಡೆದ ಸಂಶೋಧನೆ ಉಲ್ಲೇಖನೀಯವಾದುದು. 1980ರ ದಶಕದ ಉತ್ತರಾರ್ಧದಿಂದ ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯು ಕರ್ನಾಟಕದ ಅರಣ್ಯ ಇಲಾಖೆಯೇ ಮೊದಲಾದವರ ಸಹಯೋಗದಲ್ಲಿ ಶಿವಮೊಗ್ಗದ ಸೀಮೆಯಲ್ಲೂ ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲೂ ಅಳತೆಗಳನ್ನು ನಡೆಸಿತು. ಅದರ ಫಲಿತಾಂಶಗಳು ನೀಲಗಿರಿಯ ಪರವಾದಿಗಳಿಗೂ ವಿರೋಧಿಗಳಿಗೂ ಸಂಪೂರ್ಣ ಒಪ್ಪಿಗೆಯಾಗುವಂತಿರಲಿಲ್ಲ. ಸುಮಾರು ಮೂರು ಮೀಟರು ಆಳದ ಮಣ್ಣಿನಲ್ಲಿ ನೀಲಗಿರಿ ತೋಪು ಬಳಸಿದ ನೀರು ಅಲ್ಲಿನ ದೇಶಿ ಎಲೆಯುದುರುವ ಕಾಡು ಬಳಸಿದುದಕ್ಕಿಂತ ಹೆಚ್ಚಾಗಿರಲಿಲ್ಲ. ಆದರೆ ಎರಡೂ ಬಳಸಿದುದು ವರ್ಷದ ಮಳೆಗೆ ಹೆಚ್ಚುಕಡಿಮೆ ಸಮನಾಗಿತ್ತು. ರಾಗಿಯಂಥ ವಾರ್ಷಿಕ ಬೆಳೆಗೆ ಹೋಲಿಸಿದರೆ ಅದು ಸುಮಾರು ಎರಡರಷ್ಟು. ಎಂಟು ಮೀಟರಿನಷ್ಟು ಆಳವಾದ ಮಣ್ಣಿದ್ದ ಹೊಸಕೋಟೆಯಲ್ಲಿ ಎಳೆಯ ನೀಲಗಿರಿಯ ಬೇರುಗಳು ವರ್ಷಕ್ಕೆ ಎರಡೂವರೆ ಮೀಟರಿಗೂ ಹೆಚ್ಚು ಕೆಳಗಿಳಿದು, ಮಣ್ಣಿನಲ್ಲಿ ಹಿಂದೆ ಕೂಡಿದ್ದ ತೇವವನ್ನೂ ಹೀರಿ, ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿದವು. ಇಷ್ಟಾದರೂ ಅಂತರ್ಜಲದ ಮಟ್ಟದಿಂದ ಮರ ನೇರವಾಗಿ ನೀರೆಳೆದುದಕ್ಕೆ ಅಲ್ಲಿ ಪುರಾವೆ ದೊರೆಯಲಿಲ್ಲ.

ಈ ಕೊನೆಯ ಮಾತು ಬಹಳ ಸೂಕ್ಷ್ಮವಾದುದು. 'ನೀಲಗಿರಿ ಬಾವಿಯ ನೀರನ್ನು ಕುಡಿಯುತ್ತದೆ' ಎಂಬ ಜನಪ್ರಿಯ ಆರೋಪ ಅಕ್ಷರಶಃ ನಿಜವಲ್ಲದಿರಬಹುದು. ಆದರೆ ಬಾವಿಗೆ ಇಳಿಯಬೇಕಾದ ಮಳೆಯನ್ನು ಅದು ದಾರಿಯಲ್ಲಿಯೇ ತಡೆಯುತ್ತದೆ. ಬಾವಿಯ ಮಾಲಿಕನ ದೃಷ್ಟಿಯಿಂದ ಎರಡರ ಫಲವೂ ಒಂದೇ. ಕಾನೂನಿನ ದೃಷ್ಟಿಯಿಂದ ಮಾತ್ರ ಅವು ತೀರ ಭಿನ್ನ. ಒಂದು ಬೇರೆಯವರ ನೀರನ್ನು ತೆಗೆದುಕೊಳ್ಳುವುದು, ಇನ್ನೊಂದು ತನ್ನ ನೆಲದ ಮೇಲೆ ಬಿದ್ದುದನ್ನು ಬಿಟ್ಟುಕೊಡದಿರುವುದು.

ಮರಕ್ಕೆ ಹೆಸರು ಕೊಟ್ಟ ಬೆಟ್ಟದಲ್ಲಿಯೂ ಒಂದು ಪ್ರಯೋಗ ನಡೆದಿದೆ. ನೀಲಗಿರಿ ಬೆಟ್ಟಗಳ ಗ್ಲೆನ್‌ಮಾರ್ಗನ್ ಎಂಬಲ್ಲಿ ಅಕ್ಕಪಕ್ಕದ ಎರಡು ಕಿರು ಜಲಾನಯನಗಳಲ್ಲಿ ಒಂದನ್ನು ಹುಲ್ಲುಗಾವಲಾಗಿಯೇ ಬಿಟ್ಟು, ಇನ್ನೊಂದರ ಶೇಕಡ 59 ಭಾಗದಲ್ಲಿ 1972ರಲ್ಲಿ ನೀಲಗಿರಿಯನ್ನು ನೆಡಲಾಯಿತು. ಮೊದಲ ಹತ್ತು ವರ್ಷಗಳ ಸುತ್ತಿನಲ್ಲಿ ನೀರಿನ ಇಳುವರಿ ಶೇಕಡ 16ರಷ್ಟು ಇಳಿಯಿತು. ಮರಗಳನ್ನು ಕಡಿದು ಬುಡದಿಂದ ಕೂಳೆ ಚಿಗುರಲು ಬಿಟ್ಟ ಎರಡನೆಯ ಸುತ್ತಿನಲ್ಲಿ ಇಳಿಕೆ ಶೇಕಡ 25.4ಕ್ಕೆ ಏರಿತು. ಆಳಕ್ಕಿಳಿದ ಹಳೆಯ ಬೇರಿನ ಮೇಲೆ ಹೊಸ ಚಿಗುರು ಬಂದಾಗ ದಾಹ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಈ ಸಂಗತಿಯನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

3. ದಕ್ಷಿಣ ಆಫ್ರಿಕಾ: ನೆಡುವುದೂ ನೀರಿನ ಬಳಕೆಯೇ

ದಕ್ಷಿಣ ಆಫ್ರಿಕಾದ ಸರಾಸರಿ ವಾರ್ಷಿಕ ಮಳೆ 500 ಮಿಲಿಮೀಟರಿಗಿಂತ ಕಡಿಮೆ. ಸಹಜಾರಣ್ಯ ಅತ್ಯಲ್ಪ. ಗಣಿಗಳ ಆಧಾರಸ್ತಂಭಗಳಿಗೆ, ಕಾಗದಕ್ಕೆ, ಚರ್ಮ ಹದಮಾಡುವ ತೊಗಟೆಗೆ ಬೇಕಾದ ಮರವನ್ನೆಲ್ಲ ಆ ದೇಶ ಪೈನ್, ಯೂಕಲಿಪ್ಟಸ್, ವ್ಯಾಟಲ್ ಎಂಬ ಹೊರಗಿನ ಜಾತಿಗಳ ನೆಡುತೋಪುಗಳಿಂದ ಪಡೆಯಬೇಕಾಯಿತು. ಮಳೆ ಹೆಚ್ಚಿರುವ ಪೂರ್ವದ ಇಳಿಜಾರುಗಳಲ್ಲಿ, ಅಂದರೆ ನದಿಗಳು ಹುಟ್ಟುವ ಹುಲ್ಲುಗಾವಲುಗಳಲ್ಲಿಯೇ, ಈ ತೋಪುಗಳು ಬೆಳೆದವು. ತೊರೆಗಳು ಬತ್ತುತ್ತಿವೆಯೆಂಬ ರೈತರ ದೂರು ಇಪ್ಪತ್ತನೆಯ ಶತಮಾನದ ಆದಿಯಿಂದಲೇ ಕೇಳಿಬಂದಿತು. 1935ರಲ್ಲಿ ಆ ದೇಶದಲ್ಲಿ ನೆರೆದ ಬ್ರಿಟಿಷ್ ಸಾಮ್ರಾಜ್ಯದ ಅರಣ್ಯ ಸಮ್ಮೇಳನದಲ್ಲಿಯೂ ಚರ್ಚೆ ನಡೆಯಿತು. ಅದರ ಬೆನ್ನಿಗೆ ಸ್ಟೆಲೆನ್‌ಬಾಷ್ ಸಮೀಪದ ಯೋಂಕರ್ಸ್‌ಹುಕ್ ಕಣಿವೆಯಲ್ಲಿ ತೊರೆಗಳಿಗೆ ಅಳತೆಗಟ್ಟೆಗಳನ್ನು ಕಟ್ಟಿ ದೀರ್ಘಕಾಲದ ಪ್ರಯೋಗ ಆರಂಭವಾಯಿತು.

ಇಂಥ ಪ್ರಯೋಗಗಳಲ್ಲಿ ಅತ್ಯಂತ ಪರಿಣಾಮಕಾರಿಯಾದುದು ಮೊಕೊಬುಲಾನ್ ಎಂಬಲ್ಲಿಯದು. ಹುಲ್ಲುಗಾವಲಿನ ಒಂದು ಜಲಾನಯನದಲ್ಲಿ 1969ರಲ್ಲಿ ಯೂಕಲಿಪ್ಟಸ್ ನೆಡಲಾಯಿತು. ಒಂಬತ್ತನೆಯ ವರ್ಷ ತೊರೆ ಪೂರ್ತಿ ಬತ್ತಿತು. ಪೈನ್ ನೆಟ್ಟ ಪಕ್ಕದ ಜಲಾನಯನದ ತೊರೆ ಹನ್ನೆರಡನೆಯ ವರ್ಷ ಬತ್ತಿತು. ಹದಿನಾರು ವರ್ಷದ ಯೂಕಲಿಪ್ಟಸ್ ತೋಪನ್ನು ಸಂಪೂರ್ಣವಾಗಿ ಕಡಿದ ಮೇಲೂ ತೊರೆ ನಿರಂತರವಾಗಿ ಹರಿಯಲು ಐದು ವರ್ಷ ಹಿಡಿಯಿತು. ಬರಿದಾದ ಮಣ್ಣು ಮೊದಲು ತನ್ನ ತೇವವನ್ನು ತುಂಬಿಕೊಳ್ಳಬೇಕಾಗಿತ್ತು.

ಅಲ್ಲಿನ ಶಾಸನಕರ್ತರು ಈ ಜ್ಞಾನವನ್ನು ಎರಡು ಹಂತಗಳಲ್ಲಿ ಬಳಸಿಕೊಂಡರು. 1972ರಲ್ಲಿ ವನೀಕರಣಕ್ಕೆ ಪರವಾನಗಿಯ ಪದ್ಧತಿ ಬಂದಿತು. ಜಲಾನಯನಗಳನ್ನು ವರ್ಗೀಕರಿಸಿ, ಕೆಲವೆಡೆ ಹೊಸ ನೆಡುವಿಕೆಯನ್ನು ಪೂರ್ತಿ ತಡೆದು, ಉಳಿದೆಡೆ ನದಿಯ ಹರಿವು ಶೇಕಡ 5 ಅಥವಾ 10ಕ್ಕಿಂತ ಹೆಚ್ಚು ತಗ್ಗದಂತೆ ಮಿತಿ ಹಾಕಲಾಯಿತು. ವರ್ಣಭೇದದ ಆಡಳಿತ ಕೊನೆಗೊಂಡ ಮೇಲೆ 1998ರಲ್ಲಿ ಬಂದ ರಾಷ್ಟ್ರೀಯ ಜಲ ಕಾಯಿದೆ ಇನ್ನೂ ಮುಂದಕ್ಕೆ ಹೋಯಿತು. ನದಿಯ ದಡದಲ್ಲಿ ಭೂಮಿಯುಳ್ಳವನಿಗೆ ನೀರಿನ ಮೇಲಿದ್ದ ವಿಶೇಷ ಹಕ್ಕನ್ನು ಅದು ತೆಗೆದುಹಾಕಿ, ಸರ್ಕಾರವನ್ನು ಜನತೆಯ ಪರವಾದ ನ್ಯಾಸಧಾರಿಯನ್ನಾಗಿ ಮಾಡಿತು. ಜನರ ಮೂಲಭೂತ ಅಗತ್ಯಕ್ಕೂ ನದಿಯ ಜೀವಕ್ಕೂ ಬೇಕಾದ ನೀರನ್ನು ಮೊದಲು ತೆಗೆದಿರಿಸಿ, ಉಳಿದುದನ್ನು ಮಾತ್ರ ಹಂಚಬೇಕೆಂದಿತು. ನಮ್ಮ ಪ್ರಸ್ತುತಕ್ಕೆ ಮುಖ್ಯವಾದುದು ಅದರ 36ನೆಯ ಪ್ರಕರಣ. ವಾಣಿಜ್ಯೋದ್ದೇಶದ ವನೀಕರಣವು 'ಹರಿವನ್ನು ತಗ್ಗಿಸುವ ಚಟುವಟಿಕೆ' ಎಂದು ಅಲ್ಲಿ ಘೋಷಿತವಾಗಿದೆ. ಪಂಪಿಲ್ಲ, ಕಾಲುವೆಯಿಲ್ಲ, ತೂಬಿಲ್ಲ. ಆದರೂ ಮರ ನೆಡುವುದು ನೀರಿನ ಬಳಕೆ. ನೆಲದ ಒಡೆತನವೊಂದರಿಂದಲೇ ಮರ ನೆಡುವ ಹಕ್ಕು ಬರುವುದಿಲ್ಲ. ನೀರಿನ ಪರವಾನಗಿಯೂ ಬೇಕು.

ಇದರಿಂದ ತೋಪಿನ ನಿತ್ಯದ ಕೆಲಸಗಳೇ ಬದಲಾದವು. ಹೊಸ ತೋಪು ಹಾಕುವವನು ಮರ ಯಾವುದು, ಎಷ್ಟು ಹೆಕ್ಟೇರು, ಯಾವ ತೊರೆಯ ಹರಿವು ಎಷ್ಟು ತಗ್ಗೀತು ಎಂಬುದನ್ನು ಮೊದಲೇ ತಿಳಿಸಬೇಕು. ಪರವಾನಗಿಯ ಅವಧಿ ನಲವತ್ತು ವರ್ಷಗಳನ್ನು ಮೀರುವಂತಿಲ್ಲ. ನಡುನಡುವೆ ಐದು ವರ್ಷಕ್ಕೆ ಮೀರದ ಅಂತರದಲ್ಲಿ ಅದರ ಪುನರ್ವಿಮರ್ಶೆಗೆ ಅವಕಾಶವಿದೆ. ಪೈನ್ ಕಡಿದ ಜಾಗದಲ್ಲಿ ಹೆಚ್ಚು ನೀರು ಬಳಸುವ ಯೂಕಲಿಪ್ಟಸ್ ಹಾಕುವುದು ಬರಿಯ ಬೆಳೆಬದಲಾವಣೆಯಲ್ಲ, ನೀರಿನ ಪಾಲಿನ ಬದಲಾವಣೆ. ತೊರೆಯ ದಂಡೆಯಲ್ಲೂ ಜೌಗು ನೆಲದಲ್ಲೂ ಹಿಂದೆ ನೆಟ್ಟಿದ್ದ ಸಾಲುಗಳನ್ನು ಕಡಿದಾಗ ಮತ್ತೆ ನೆಡದೆ ಹಿಂದೆ ಸರಿಯಬೇಕಾಯಿತು. ಅತ್ಯುತ್ತಮ ಇಳುವರಿ ಕೊಡುತ್ತಿದ್ದ ತೇವದ ನೆಲವನ್ನೇ ಬಿಟ್ಟುಕೊಡುವುದು ತೋಪಿನ ಒಡೆಯರಿಗೆ ಸಣ್ಣ ನಷ್ಟವಲ್ಲ.

ಇದರ ಇನ್ನೊಂದು ಮುಖವನ್ನೂ ಕಾಣಬೇಕು. 1998ರ ಒಂದು ಅಂದಾಜಿನಂತೆ ಆ ದೇಶದ ಎಲ್ಲ ವಾಣಿಜ್ಯ ತೋಪುಗಳು ಸೇರಿ ನದಿಗಳ ವಾರ್ಷಿಕ ಹರಿವನ್ನು ತಗ್ಗಿಸಿದುದು ಶೇಕಡ 3.2, ಒಣಗಾಲದ ಹರಿವನ್ನು ಶೇಕಡ 7.8. ನೀರಾವರಿ ಬೇಸಾಯ ಬಳಸುವ ನೀರಿಗೆ ಹೋಲಿಸಿದರೆ ಇದು ಅಲ್ಪ. ಕಾಯಿದೆಯಲ್ಲಿ ಹೆಸರು ಹೇಳಿ ಗುರುತಿಸಿದ ಚಟುವಟಿಕೆ ವನೀಕರಣವೊಂದೇ ಏಕೆ, ಮಳೆಯಾಶ್ರಿತ ಕಬ್ಬು ಏಕಲ್ಲ ಎಂಬ ತೋಪಿನವರ ಪ್ರಶ್ನೆ ಅಸಂಗತವಲ್ಲ. ಅದಕ್ಕಿಂತ ಗಂಭೀರವಾದುದು ನ್ಯಾಯದ ಪ್ರಶ್ನೆ. ಮಿತಿ ಹಾಕುವ ಹೊತ್ತಿಗೆ ಅನೇಕ ಜಲಾನಯನಗಳ ಪಾಲು ಹಳೆಯ ದೊಡ್ಡ ತೋಪುಗಳಿಂದಲೇ ಮುಗಿದಿತ್ತು. ತಲೆಮಾರುಗಳ ಕಾಲ ಭೂಮಿಯಿಂದ ದೂರವಿಡಲಾಗಿದ್ದ ಕರಿಯ ಜನ ಒಂದೆರಡು ಹೆಕ್ಟೇರಿನಲ್ಲಿ ಮರ ಬೆಳೆಸಿ ಬದುಕು ಕಟ್ಟಿಕೊಳ್ಳಲು ಮುಂದಾದಾಗ ಅವರಿಗೂ ಅದೇ ಪರವಾನಗಿಯ ಬಾಗಿಲು ಎದುರಾಯಿತು. ಪರವಾನಗಿ ಕೊಡುವಾಗ ಹಿಂದಿನ ಜನಾಂಗೀಯ ಹಾಗೂ ಲಿಂಗಾಧಾರಿತ ಅನ್ಯಾಯವನ್ನು ಸರಿಪಡಿಸುವ ಅಗತ್ಯವನ್ನೂ ಪರಿಗಣಿಸಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಆದರೆ ತುಂಬಿದ ಕೊಡದಿಂದ ಹೊಸಬನಿಗೆ ಪಾಲು ಕೊಡಬೇಕಾದರೆ ಹಳಬನ ಪಾಲು ಕಡಿಮೆಯಾಗಲೇಬೇಕು. ಆ ಕೆಲಸ ಕಾಯಿದೆ ಬರೆದಷ್ಟು ಸುಲಭವಲ್ಲ.

4. ಕಡಿಯುವಾಗಿನ ನೀರು: ನ್ಯೂಜಿಲೆಂಡಿನ ಪಾಠ

ನೆಡುವಾಗ ನೀರಿನ ಪ್ರಮಾಣದ ಪ್ರಶ್ನೆಯಾದರೆ ಕಡಿಯುವಾಗ ನೀರಿನ ಗುಣದ ಪ್ರಶ್ನೆ. ನ್ಯೂಜಿಲೆಂಡಿನ ಪೂರ್ವ ಕರಾವಳಿಯ ಗುಡ್ಡಗಳ ಮಣ್ಣು ಬಹಳ ಸಡಿಲ. 1988ರ ಬೋಲಾ ಚಂಡಮಾರುತದಲ್ಲಿ ಗುಡ್ಡಗಳು ಕುಸಿದ ಮೇಲೆ ನೆಲವನ್ನು ಹಿಡಿದಿಡಲೆಂದೇ ಅಲ್ಲಿ ಸರ್ಕಾರದ ನೆರವಿನಿಂದ ಪೈನ್ ಮರಗಳನ್ನು ವ್ಯಾಪಕವಾಗಿ ನೆಡಲಾಯಿತು. ಮರಗಳು ನಿಂತಿರುವಷ್ಟು ಕಾಲ ನೆಲವೂ ನಿಂತಿತು. ಕಡಿಯುವ ಕಾಲ ಬಂದಾಗ ಹಳೆಯ ಬೇರು ಕೊಳೆತು ಹೊಸ ಬೇರು ಬಲಿಯುವ ನಡುವಣ ಕೆಲವು ವರ್ಷಗಳಲ್ಲಿ ಗುಡ್ಡ ಅನಾಥವಾಯಿತು. 2018ರ ಜೂನ್ ತಿಂಗಳ ಮಳೆಯಲ್ಲಿ ಟೊಲಾಗ ಕೊಲ್ಲಿಯ ಕಡೆಗೆ ತೋಪುಗಳ ಕೊಂಬೆ, ದಿಮ್ಮಿ, ಕೆಸರು ರಾಶಿರಾಶಿಯಾಗಿ ಕೊಚ್ಚಿಬಂದವು. 2023ರ ಫೆಬ್ರವರಿಯ ಗೇಬ್ರಿಯೆಲ್ ಚಂಡಮಾರುತದಲ್ಲಿ ಆ ಪ್ರದೇಶಕ್ಕೆ ಮತ್ತೆ ಅದೇ ಗತಿ.

2018ರ ಮೇ 1ರಿಂದ ಜಾರಿಗೆ ಬಂದ ನೆಡುತೋಪುಗಳ ರಾಷ್ಟ್ರೀಯ ಪರಿಸರ ಮಾನಕಗಳು ನೆಲವನ್ನು ಸವಕಳಿಯ ಅಪಾಯಕ್ಕನುಗುಣವಾಗಿ ಹಸುರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ವರ್ಗ ಮಾಡಿದ್ದವು. ಮೂರು ಮೀಟರಿಗಿಂತ ಕಿರಿದಾದ ತೊರೆಯಿಂದ ಐದು ಮೀಟರು, ಅದಕ್ಕಿಂತ ಅಗಲವಾದುದರಿಂದ ಹತ್ತು ಮೀಟರು ಬಿಟ್ಟು ನೆಡಬೇಕೆಂದು ವಿಧಿಸಿದ್ದವು. 2023ರ ವಿನಾಶದ ಅನಂತರ ನೇಮಕವಾದ ವಿಚಾರಣಾ ಸಮಿತಿ ಅಪಾಯದ ಗುಡ್ಡಗಳಲ್ಲಿ ದೊಡ್ಡ ಪ್ರದೇಶವನ್ನು ಒಮ್ಮೆಲೇ ಬೋಳು ಮಾಡುವ ಪದ್ಧತಿಯನ್ನೇ ಪ್ರಶ್ನಿಸಿತು. ಅದೇ ವರ್ಷದ ನವೆಂಬರಿನಲ್ಲಿ ಪರಿಷ್ಕೃತ ಮಾನಕಗಳು ಬಂದವು. ತೊರೆಯಂಚಿನ ಐದು ಮೀಟರು ಸಣ್ಣ ಕೆಸರನ್ನು ತಡೆದೀತು, ಗುಡ್ಡವೇ ಜಾರಿದಾಗ ಏನೂ ಮಾಡಲಾರದು. ಯಾವ ನೆಲದಲ್ಲಿ ತೋಪು ಇರಬೇಕು ಎಂಬ ಭೂಬಳಕೆಯ ನಿರ್ಧಾರವನ್ನು ತೊರೆಯ ಪಕ್ಕದ ನಿಯಮದಿಂದ ಸರಿದೂಗಿಸಲಾಗುವುದಿಲ್ಲ ಎಂಬುದೇ ಈ ಅನುಭವದ ಸಾರ.

5. ಕರ್ನಾಟಕ: ಕಿತ್ತವರು, ಹಚ್ಚಿದವರು

ಭಾರತದ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನೀರು ರಾಜ್ಯಪಟ್ಟಿಯ 17ನೆಯ ವಿಷಯ, ಭೂಮಿ 18ನೆಯದು. ಅರಣ್ಯವನ್ನು 1976ರ ತಿದ್ದುಪಡಿ ಸಮವರ್ತಿ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿ ನೆರೆಹೊರೆಯಾಗಿರುವ ನೆಲ ನೀರುಗಳು ಕಾನೂನಿನಲ್ಲಿ ಮಾತ್ರ ಪರಸ್ಪರ ಮುಖ ನೋಡುವುದಿಲ್ಲ. 1882ರ ಅನುಭೋಗ ಹಕ್ಕುಗಳ ಕಾಯಿದೆಯು ಗೊತ್ತಾದ ಪಾತ್ರದಲ್ಲಿ ಹರಿಯದ ನೀರನ್ನು, ಅದು ನೆಲದ ಮೇಲಿರಲಿ ಒಳಗಿರಲಿ, ತನ್ನ ಎಲ್ಲೆಯೊಳಗೆ ಕೂಡಿಸಿಕೊಂಡು ಬಳಸುವ ಹಕ್ಕನ್ನು ಭೂಮಾಲಿಕನಿಗೆ ಕೊಟ್ಟಿತು. ಕರ್ನಾಟಕದ 2011ರ ಅಂತರ್ಜಲ ಕಾಯಿದೆ ಬಾವಿ, ಕೊಳವೆಬಾವಿಗಳನ್ನು ಕುರಿತದ್ದು. ನೆಲಕ್ಕೆ ಇಳಿಯುವ ಮೊದಲೇ ನೀರನ್ನು ತಡೆಯುವ ಬೇರು ಅದರ ಎಣಿಕೆಗೆ ಬರುವುದಿಲ್ಲ.

ಹೀಗಾಗಿ ನಮ್ಮಲ್ಲಿ ನೆಡುತೋಪನ್ನು ರೂಪಿಸಿದುದು ನೀರಿನ ಕಾನೂನಲ್ಲ, ಭೂಮಿ ಮತ್ತು ಮರದ ಕಾನೂನುಗಳು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಮರ ಕಡಿಯಲು ಅನುಮತಿ ಬೇಕು. ಆದರೆ ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮೊದಲಾದ ಕೆಲವಕ್ಕೆ ವಿನಾಯಿತಿ ಇದೆ. ಸದುದ್ದೇಶದ ಈ ವಿನಾಯಿತಿಯ ಫಲ ವಿಚಿತ್ರವಾಯಿತು. ಹೊಲದಲ್ಲಿ ದೇಶಿ ಮರ ಬೆಳೆಸಿದವನು ಕಡಿಯಲು ಕಚೇರಿಗೆ ಅಲೆಯಬೇಕು, ನೀಲಗಿರಿ ಬೆಳೆಸಿದವನು ವ್ಯಾಪಾರಿಗೆ ಹೇಳಿ ಕಳುಹಿಸಿದರೆ ಸಾಕು. ಕೂಲಿಯ ಅಭಾವ, ಮಳೆಯ ಅನಿಶ್ಚಿತತೆ, ರಾಗಿಗೆ ಸಿಗದ ಬೆಲೆ, ಸಾಮಾಜಿಕ ಅರಣ್ಯ ಯೋಜನೆಯ ಅಗ್ಗದ ಸಸಿಗಳು ಇವೆಲ್ಲ ಜೊತೆಗೂಡಿ 1980ರ ದಶಕದಲ್ಲಿ ಕೋಲಾರದ ಸೀಮೆಯ ರಾಗಿಹೊಲಗಳು ನೀಲಗಿರಿ ತೋಪುಗಳಾದವು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಿಸೆ, ಮಾವಿನ ಬೀಜಗಳನ್ನು ಊರಿದರು.

ಮರುವರ್ಷ ಇನ್ನೊಂದು ದಿಕ್ಕಿನಿಂದ ಪ್ರಶ್ನೆ ಎದ್ದಿತು. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿದವು. ಸುಮಾರು 30,000 ಹೆಕ್ಟೇರು ಸಿ ಮತ್ತು ಡಿ ವರ್ಗದ ಜಮೀನನ್ನು ನಲವತ್ತು ವರ್ಷಗಳ ಅವಧಿಗೆ ಅದಕ್ಕೆ ವಹಿಸುವ ಯೋಜನೆ ಅದಾಗಿತ್ತು. ದಾಖಲೆಯಲ್ಲಿ 'ಪಾಳು' ಎನಿಸಿದ ಆ ನೆಲ ಹಳ್ಳಿಗರಿಗೆ ದನ ಮೇಯಿಸುವ, ಸೌದೆ ಸೊಪ್ಪು ತರುವ ನೆಲ. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ಸತ್ಯಾಗ್ರಹದ ಹೆಸರು 'ಕಿತ್ತಿಕೊ ಹಚ್ಚಿಕೊ'. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಸಸಿ ನೆಡುವುದಕ್ಕೆ 'ಹಚ್ಚು' ಎನ್ನುತ್ತಾರೆ. ನೀಲಗಿರಿಯನ್ನು ಕಿತ್ತು, ಜನೋಪಯೋಗಿ ಸಸಿಗಳನ್ನು ಅದೇ ಜಾಗದಲ್ಲಿ ಹಚ್ಚುವುದು. ಪ್ರತಿಭಟನೆಯ ಭಾಷೆ ಆ ನೆಲದ ಕೃಷಿಯ ಭಾಷೆಯೇ ಆಗಿತ್ತೆಂಬುದು ಕನ್ನಡದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಇದೇ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರೂ ಒಬ್ಬರು. ಕಂಪನಿಯನ್ನು 1991ರಲ್ಲಿ ಮುಚ್ಚುವ ನಿರ್ಧಾರವಾಯಿತು.

ಇದೇ ಅವಧಿಯಲ್ಲಿ ರಾಷ್ಟ್ರದ ನೀತಿಯೂ ಬದಲಾಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿ ಕೈಗಾರಿಕೆಗಳು ತಮಗೆ ಬೇಕಾದ ಮರವನ್ನು ಸಹಜಾರಣ್ಯದಿಂದಲ್ಲ, ರೈತರೊಡನೆ ನೇರ ಸಂಬಂಧ ಬೆಳೆಸಿ ಪಡೆಯಬೇಕೆಂದು ಹೇಳಿತು. ಅದೇ ವರ್ಷ 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ಬಂದ ತಿದ್ದುಪಡಿಯು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವುದನ್ನೂ, ಸಹಜ ಮರಗಳನ್ನು ತೆರವುಗೊಳಿಸಿ ಬೇರೆ ಮರ ನೆಡುವುದನ್ನೂ ತಡೆಯಿತು. ಕಾಡಿನ ದೃಷ್ಟಿಯಿಂದ ಇದು ದೊಡ್ಡ ಗೆಲವು. ಆದರೆ ನೀರಿನ ದೃಷ್ಟಿಯಿಂದ ತೋಪು ಸಾರ್ವಜನಿಕ ನೆಲದಿಂದ ಖಾಸಗಿ ಖುಷ್ಕಿಗೆ ಸರಿಯಿತು, ಅಷ್ಟೆ. ಮಲೆನಾಡಿನಲ್ಲಿ ಕಾಡಿಗೆ ಬದಲಾಗಿ ತೋಪು ಬಂದಾಗ ನೀರಿನ ವ್ಯತ್ಯಾಸ ಕಡಿಮೆಯಿರಬಹುದು. ರಾಗಿಗೆ ಬದಲಾಗಿ ಬಂದಾಗ ಅದು ಎರಡರಷ್ಟು. ಭೂಬಳಕೆಯ ನಿಯಮ ಮರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹಿಸಿತು. ನೀರಿನ ನಿಯಮ ಅದರ ಹಿಂದೆ ಹೋಗಲಿಲ್ಲ.

6. ನಿಷೇಧವೋ, ಲೆಕ್ಕವೋ

2017ರಲ್ಲಿ ಕರ್ನಾಟಕ ಸರ್ಕಾರ ನೀಲಗಿರಿ ಹಾಗೂ ಅಕೇಶಿಯಗಳ ಹೊಸ ನೆಡುವಿಕೆಯನ್ನು ನಿಷೇಧಿಸುವ ಆದೇಶ ಹೊರಡಿಸಿತು. ದಶಕಗಳ ಜನಾಭಿಪ್ರಾಯಕ್ಕೆ ದೊರೆತ ಮನ್ನಣೆ ಅದು. ಆದರೂ ದಕ್ಷಿಣ ಆಫ್ರಿಕಾದ ಕ್ರಮದೊಡನೆ ಇಟ್ಟು ನೋಡಿದಾಗ ಮೂರು ಕೊರತೆಗಳು ಕಾಣುತ್ತವೆ. ಮೊದಲನೆಯದಾಗಿ, ಅದು ಮರದ ಜಾತಿಯನ್ನು ಎಣಿಸುತ್ತದೆ, ನೀರನ್ನು ಎಣಿಸುವುದಿಲ್ಲ. ಒಂದು ಕೆರೆಯ ಜಲಾನಯನದ ತುಂಬ ಬೇರೆ ನಿತ್ಯಹಸುರು ಮರವನ್ನು ದಟ್ಟವಾಗಿ ಬೆಳೆಸಿದರೆ ಆದೇಶಕ್ಕೆ ಭಂಗವಿಲ್ಲ, ಕೆರೆಗೆ ನೀರೂ ಇಲ್ಲ. ಎರಡನೆಯದಾಗಿ, ನಿಷೇಧ ಹೊಸ ನೆಡುವಿಕೆಗೆ. ನೀಲಗಿರಿಯನ್ನು ಕಡಿದರೆ ಅದು ಕೂಳೆಯಿಂದ ತಾನಾಗಿ ಚಿಗುರುತ್ತದೆ. ಗ್ಲೆನ್‌ಮಾರ್ಗನ್ನಿನ ಪ್ರಯೋಗದಲ್ಲಿ ಹೆಚ್ಚು ನೀರನ್ನು ಬಳಸಿದುದು ಈ ಕೂಳೆಯ ಸುತ್ತೇ. ಮೂರನೆಯದಾಗಿ, ಎಲ್ಲ ನೆಲಕ್ಕೂ ಒಂದೇ ನಿಯಮ. ಮಣ್ಣಿನ ಆಳ, ಮಳೆಯ ಪ್ರಮಾಣ, ಕೆಳಗಿರುವ ಕೆರೆ, ಯಾವುದೂ ಅಲ್ಲಿ ಭೇದ ತರುವುದಿಲ್ಲ.

ಹಾಗೆಂದು ದಕ್ಷಿಣ ಆಫ್ರಿಕಾದ ಪರವಾನಗಿಯನ್ನು ಹಾಗೆಯೇ ಇಲ್ಲಿಗೆ ತರಬೇಕೆಂದಲ್ಲ. ಅಲ್ಲಿ ತೋಪುಗಳ ಬಹುಭಾಗ ದೊಡ್ಡ ಕಂಪನಿಗಳದು. ಇಲ್ಲಿ ಎರಡೆಕರೆಯ ಅಸಂಖ್ಯ ಹಿಡುವಳಿಗಳು. ಪ್ರತಿಯೊಬ್ಬ ರೈತನೂ ಹರಿವಿನ ಲೆಕ್ಕ ಒಪ್ಪಿಸಬೇಕೆಂದರೆ ಲಾಭವಾಗುವುದು ಕಚೇರಿಗೇ ಹೊರತು ಕೆರೆಗಲ್ಲ. ಬತ್ತಿದ ಅಂತರ್ಜಲಕ್ಕೆ ನೀಲಗಿರಿಯೊಂದೇ ಕಾರಣವೂ ಅಲ್ಲ; ಮಿತಿಯಿಲ್ಲದೆ ಕೊರೆದ ಕೊಳವೆಬಾವಿ ಅದಕ್ಕಿಂತ ಕಿರಿಯ ಅಪರಾಧಿಯಲ್ಲ. ಆದರೆ ಜಲಾನಯನವನ್ನು ಘಟಕವನ್ನಾಗಿ ಹಿಡಿದು, ಒಂದು ಕೆರೆಯ ಮೇಲ್ಭಾಗದಲ್ಲಿ ಎಷ್ಟು ತೋಪು ಇರಬಹುದೆಂಬ ಮಿತಿಯನ್ನು ಆ ಕೆರೆಯವರೇ ಕೂಡಿ ನಿರ್ಧರಿಸುವುದು ಅಸಾಧ್ಯವೇನಲ್ಲ. ಕಟ್ಟುಕೊಡಗೆಯನ್ನು ಕಂಡುಕೊಂಡ ನಾಡಿಗೆ ಇಂಥ ಕಲ್ಪನೆ ಪರಕೀಯವಾಗಲಾರದು. ಕೆರೆಯ ಕೆಳಗಣ ನೆಲಕ್ಕೆ ಇದ್ದ ಶಿಸ್ತನ್ನು ಮೇಲಣ ನೆಲಕ್ಕೂ ವಿಸ್ತರಿಸುವುದಷ್ಟೇ ಆಗಬೇಕಾದ ಕೆಲಸ. ಅದರಿಂದ ನಷ್ಟ ಹೊಂದುವ ಮೇಲಿನ ಹೊಲದವನಿಗೆ ಕೆಳಗಿನವರಿಂದ ಪ್ರತಿಫಲ ದೊರೆಯುವುದೂ ಅದೇ ಶಿಸ್ತಿನ ಭಾಗ.

ಕೊನೆಯದಾಗಿ ಹೊರನಾಡಿನ ಓದುಗರೊಡನೆ ಒಂದು ಮಾತು. ಬಯಲುಸೀಮೆಯ ನೀಲಗಿರಿ ತೋಪುಗಳ ಹಿಂದೆ ಕಾಗದದ ಕಾರ್ಖಾನೆಗಳಷ್ಟೇ ಇಲ್ಲ, ಊರು ಬಿಟ್ಟವರೂ ಇದ್ದಾರೆ. ಉದ್ಯೋಗವನ್ನರಸಿ ಬೆಂಗಳೂರಿಗೋ ಮುಂಬಯಿಗೋ ಚೆನ್ನೈಗೋ ಬಂದವನಿಗೆ ಊರಿನ ಹೊಲವನ್ನು ಉಳಲಾಗದು, ಮಾರಲು ಮನಸ್ಸಿಲ್ಲ. ವರ್ಷಕ್ಕೊಮ್ಮೆಯೂ ನೋಡಬೇಕಾಗಿಲ್ಲದ ಬೆಳೆ ನೀಲಗಿರಿ. ದನ ಮೇಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ಏಳೆಂಟು ವರ್ಷಕ್ಕೊಮ್ಮೆ ಹಣ ಕೊಡುತ್ತದೆ. ಊರಿನೊಡನೆ ನಂಟು ಉಳಿಯಲೆಂದು ನಾವು ನೆಟ್ಟ ಮರ ಊರಿನಲ್ಲಿ ಉಳಿದವರ ಕೆರೆಗೆ ಹೋಗಬೇಕಾದ ನೀರನ್ನು ಹಿಡಿದಿಟ್ಟುಕೊಂಡಿದೆ. ಪಹಣಿಯಲ್ಲಿ ಆ ಜಮೀನು ನಮ್ಮ ಹೆಸರಿನಲ್ಲಿದೆ, ಖುಷ್ಕಿ ಎಂದು ನಮೂದಾಗಿದೆ. ಅದರ ಮೇಲೆ ಬಿದ್ದ ಮಳೆ ಮಾತ್ರ ಪೂರ್ತಿಯಾಗಿ ನಮ್ಮದಲ್ಲ. ಕಾನೂನು ಆ ಮಾತನ್ನು ಹೇಳುವವರೆಗೆ ಕಾಯಬೇಕೆ ಎಂಬುದನ್ನು ನಾವು ನಾವೇ ಕೇಳಿಕೊಳ್ಳಬೇಕಾಗಿದೆ.